ತವರಿಲ್ಲದ ಬಾಣಂತಿ

ಮಧ್ಯಾಹ್ನ ಉಂಡು ಮಲಗಿದವರು ಕಾಫಿ ಹೊತ್ತಾದರೂ ಏಳದಿದ್ದರೆ "ಒಳ್ಳೇ ಹೆಬ್ಬಾವಿನ ಹಾಗೆ ಬಿದ್ಕೊಂಡಿದ್ದಾರೆ ನೋಡಿ" ಅಂತ ಗೊಣಗುತ್ತೇವೆ, ಅಲ್ಲವೆ? ಆದರೆ ಸೋದರಿಯರೆ, ಹೆಣ್ಣು ಹೆಬ್ಬಾವು ಪಡುವ ಪಾಡು ಕೇಳಿದರೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರಲಾರದು.

ನಮ್ಮ ಕಾಡು, ಕೆರೆಯಂಚಿನ ಪೊದೆ, ಬಂಡೆಗಳ ಸಂದಿಯಲ್ಲಿ ವಾಸಿಸುವ ಹಾವಿದು. ಬೆಳೆದದ್ದು ಹತ್ತಡಿ ಉದ್ದ ಇರುವುದುಂಟು. ವಿಷವಿಲ್ಲ. ಇಲಿ, ಹೆಗ್ಗಣ, ಮೊಲ, ಹಕ್ಕಿ ಸಿಕ್ಕರೆ ಸುತ್ತಿ ಬಿಗಿದು ಇಡಿಯಾಗಿ ನುಂಗುತ್ತದೆ. ದೊಡ್ಡ ಊಟವಾದರೆ ವಾರಗಟ್ಟಲೆ ಒಲೆ ಹಚ್ಚುವ ಗೊಡವೆಯೇ ಇಲ್ಲ! ಅದು ಬಿದ್ದುಕೊಂಡಿರುವುದು ಉಂಡದ್ದು ಅರಗಲಿ ಎಂದು.

ಬೇಸಿಗೆಯಲ್ಲಿ ಹೆಣ್ಣು ಮೊಟ್ಟೆಯಿಡುತ್ತದೆ. ಎಂಟು ಹತ್ತಾದರೂ ಆಯಿತು, ನೂರಾದರೂ ಆಯಿತು. ಬಹಳ ಹಾವುಗಳು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಇದು ಹಾಗಲ್ಲ. ಮೊಟ್ಟೆಗಳ ರಾಶಿಯನ್ನು ನಡುವೆ ಇಟ್ಟುಕೊಂಡು ಮೈಯನ್ನೇ ಸಿಂಬೆಯಂತೆ ಸುತ್ತಿ, ಮೇಲೆ ತಲೆಯಿಟ್ಟು ಕೂತುಬಿಡುತ್ತದೆ. ಹೆಚ್ಚುಕಡಿಮೆ ಎರಡು ತಿಂಗಳು! ಆಗ ಊಟವೂ ಇಲ್ಲ. ಬಾಣಂತಿಗೆ ಮೆಣಸಿನ ಸಾರು, ತುಪ್ಪ ಕೊಡಲು ತವರಿನವರು ಯಾರಿದ್ದಾರೆ ಪಾಪ!

ಕೋಳಿಯದು ಬಿಸಿ ಮೈ, ಕಾವು ಕೊಡುತ್ತದೆ ಸರಿ. ತಣ್ಣನೆಯ ಮೈಯ ಹಾವು ಏನು ಕೊಟ್ಟೀತು ಅಂತೀರಾ? ಚಳಿಯಾದಾಗ ನಮ್ಮ ಮೈ ಗಡಗಡ ನಡುಗುತ್ತದಲ್ಲ, ಅದೇ ಉಪಾಯ. ಹೊರಗೆ ತಂಪಾದರೆ ತಾಯಿ ತನ್ನ ಸ್ನಾಯುಗಳನ್ನು ಅದುರಿಸಿ ಅದುರಿಸಿ ಶಾಖ ಹುಟ್ಟಿಸುತ್ತದೆ. ನಮ್ಮ ಹೆಬ್ಬಾವಿನ ಹತ್ತಿರದ ಬಳಗದ ಬರ್ಮಾ ಹೆಬ್ಬಾವೊಂದು ನ್ಯೂಯಾರ್ಕಿನ ಮೃಗಾಲಯದಲ್ಲಿ ಹೀಗೆ ಕಾವು ಕೂತಿದ್ದಾಗ ವಿಜ್ಞಾನಿಗಳು ಅಳೆದು ನೋಡಿದರು; 1966ರಲ್ಲಿ ಪ್ರಕಟಿಸಿದರು. ಸುತ್ತಲಿನ ಗಾಳಿಗಿಂತ ಅದರ ಮೈ ಕೆಲವು ಡಿಗ್ರಿ ಬೆಚ್ಚಗಿತ್ತು!

ಮರಿಗಳು ಹೊರಬರುವಾಗಲೇ ಒಂದೂವರೆ, ಎರಡಡಿ ಉದ್ದ. ಹುಟ್ಟಿದ ಮೇಲೆ ಅವರವರ ಹೊಟ್ಟೆ ಅವರವರದೇ. ಸೊರಗಿದ ತಾಯಿಯೂ ತನ್ನ ಊಟ ಹುಡುಕಿಕೊಂಡು ಹೊರಡುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವುಂಟು. ತೋಟದಲ್ಲೋ ಸೌದೆ ಒಟ್ಟಿದಲ್ಲೋ ಸಿಂಬೆ ಸುತ್ತಿದ ಹೆಬ್ಬಾವು ಕಂಡರೆ ಗಂಡಸರು ದೊಣ್ಣೆ ಹಿಡಿದು ಬರುತ್ತಾರೆ. ಬೇಸಿಗೆಯಲ್ಲಿ ಅದು ಕಾವು ಕೂತ ತಾಯಿಯೂ ಆಗಿರಬಹುದು. ಒಂದು ಏಟಿಗೆ ಒಂದು ಸಂಸಾರವೇ ಹೋದೀತು. ಓಡಿಸಿದರೂ ಮೊಟ್ಟೆಗಳು ತಣ್ಣಗಾಗಿ, ಒಣಗಿ ಕೆಡಬಹುದು. ಆ ದೊಣ್ಣೆ ತಡೆಯುವವರು ನೀವಾಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಯಲ್ಲಿ ಹುಲಿಯ ಜೊತೆಗೇ ಹೆಬ್ಬಾವೂ ಇದೆ, ಕೊಂದರೆ ಜೈಲು.

ಹಾಗಂತ ಹತ್ತಿರ ಹೋಗಬೇಡಿ. ವಿಷವಿಲ್ಲದಿದ್ದರೂ ಹಲ್ಲು ಚೂಪು, ಗಾಯ ಆಳವಾದೀತು. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ, ಕೋಳಿಗೂಡು ಮುಚ್ಚಿ. ಮೊಟ್ಟೆ ಮುಟ್ಟಬೇಡಿ, ಹೊರಳಿಸಬೇಡಿ. ಅರಣ್ಯ ಇಲಾಖೆಯವರಿಗೆ ಹೇಳಿ ಕಳುಹಿಸಿ. ಅವರು ಬರುವ ತನಕ ಆ ಬಾಣಂತಿಯನ್ನು ಅವಳ ಪಾಡಿಗೆ ಬಿಡಿ.