ಚಿಕಿತ್ಸೆಯ ಗುಣಮಟ್ಟ: ಲೆಕ್ಕದ ಸೂತ್ರ ಬಯಲಲ್ಲಿರಲಿ

ಒಂದು ಆರೋಗ್ಯ ಕೇಂದ್ರದಲ್ಲಿ ಬಿಪಿ ಚಿಕಿತ್ಸೆಗೆಂದು ಸಾವಿರ ಮಂದಿ ಹೆಸರು ಬರೆಸಿದ್ದಾರೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ಇನ್ನೂರು ಮಂದಿ ವರ್ಷದಿಂದ ಆ ಕಡೆ ತಲೆ ಹಾಕಿಲ್ಲ. ಮುನ್ನೂರು ಮಂದಿ ವರ್ಷದೊಳಗೆ ಬಂದಿದ್ದಾರಾದರೂ ಕಳೆದ ಮೂರು ತಿಂಗಳಲ್ಲಿ ಬಂದಿಲ್ಲ. ಬಂದ ಐನೂರು ಮಂದಿಯಲ್ಲಿ ನಾನೂರು ಜನರ ರಕ್ತದೊತ್ತಡ 140/90ಕ್ಕಿಂತ ಕೆಳಗಿದೆ. ಈ ಕೇಂದ್ರದಲ್ಲಿ ಬಿಪಿ ಹತೋಟಿಯಲ್ಲಿರುವವರ ಪ್ರಮಾಣ ಎಷ್ಟು? ಮೂರು ತಿಂಗಳಲ್ಲಿ ಬಂದವರನ್ನಷ್ಟೇ ಎಣಿಸಿದರೆ ಶೇ 80. ವರ್ಷದೊಳಗೆ ಒಮ್ಮೆಯಾದರೂ ಬಂದವರನ್ನೆಲ್ಲ ಹಿಡಿದರೆ ಶೇ 50. ಹೆಸರು ಬರೆಸಿದ ಎಲ್ಲರನ್ನೂ ಸೇರಿಸಿದರೆ ಶೇ 40. ಡಾಕ್ಟರು ಅವರೇ, ಮಾತ್ರೆ ಅದೇ, ದಾಖಲೆಯೂ ಅದೇ. ಬದಲಾದದ್ದು ಛೇದ ಮಾತ್ರ.

ಮೂರರಲ್ಲಿ ಯಾವ ಲೆಕ್ಕವೂ ಸುಳ್ಳಲ್ಲ. ಬಂದವರಿಗೆ ಕೊಟ್ಟ ಔಷಧಿ ಸರಿಯಿದೆಯೇ ಎಂದು ತಿಳಿಯಲು ಮೊದಲನೆಯದು ಬೇಕು. ಊರಿನ ಜನರಿಗೆ ಪಾರ್ಶ್ವವಾಯು ತಪ್ಪಿಸುವಷ್ಟು ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಮೂರನೆಯದು ಬೇಕು. ಆದರೆ ಜಿಲ್ಲಾ ಪರಿಶೀಲನಾ ಸಭೆಯ ಪರದೆ ಮೇಲೆ ಮೂಡುವುದು ಒಂದೇ ಅಂಕಿ. ಅದು ಮೂರರಲ್ಲಿ ಯಾವುದು ಎಂಬುದನ್ನು ತಂತ್ರಾಂಶದೊಳಗಿನ ಕೆಲವೇ ಸಾಲುಗಳು ತೀರ್ಮಾನಿಸುತ್ತವೆ. ಆ ಸಾಲುಗಳನ್ನು ವೈದ್ಯರು, ಸಂಶೋಧಕರು, ಪತ್ರಕರ್ತರು, ರೋಗಿಗಳು, ಯಾರು ಬೇಕಾದರೂ ತೆರೆದು ಓದುವಂತಿರಬೇಕು ಎಂಬುದು ನನ್ನ ವಾದ. ತೆರೆದಿಟ್ಟರಷ್ಟೇ ಸಾಲದು, ಅದನ್ನು ವರ್ಷವರ್ಷವೂ ಸಾಕುವ ಹೊಣೆಯನ್ನು ಸರ್ಕಾರ ಹೊರಬೇಕು ಎಂಬುದು ಅದೇ ವಾದದ ಇನ್ನರ್ಧ. ಈ ಎರಡನೆಯ ಅರ್ಧವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ನಮ್ಮ ಮುಂದಿದೆ.

2009ರ ಆರ್ಥಿಕ ಪುನಶ್ಚೇತನ ಕಾಯ್ದೆಯ ಭಾಗವಾಗಿ ಅಮೆರಿಕ ‘ಹೈಟೆಕ್’ ಎಂಬ ಕಾನೂನು ತಂದಿತು. ಕಾಗದದ ಕಡತ ಬಿಟ್ಟು ಎಲೆಕ್ಟ್ರಾನಿಕ್ ದಾಖಲೆಗೆ ಬರುವ ಡಾಕ್ಟರಿಗೆ ಹಿರಿಯರ ವಿಮಾ ಯೋಜನೆಯಾದ ಮೆಡಿಕೇರ್‌ನಿಂದ ಐದು ವರ್ಷಗಳಲ್ಲಿ 44,000 ಡಾಲರ್‌ವರೆಗೆ ಪ್ರೋತ್ಸಾಹಧನ. ಕಂಪ್ಯೂಟರ್ ಕೊಂಡರೆ ಸಾಲದು, ಅದನ್ನು ಅರ್ಥಪೂರ್ಣವಾಗಿ ಬಳಸಿದ್ದನ್ನು ತೋರಿಸಬೇಕು ಎಂಬ ಷರತ್ತಿತ್ತು. 2010ರಲ್ಲಿ ಬಂದ ಮೊದಲ ಹಂತದ ನಿಯಮಗಳು ವೈದ್ಯರಿಗಾಗಿ 44 ಗುಣಮಟ್ಟ ಸೂಚಕಗಳನ್ನು ಪಟ್ಟಿ ಮಾಡಿದವು. ಬಿಪಿ ಹತೋಟಿ, ಮಧುಮೇಹಿಗಳ ಎಚ್‌ಬಿಎ1ಸಿ (ರಕ್ತದ ಸರಾಸರಿ ಸಕ್ಕರೆ ತೋರುವ ಪರೀಕ್ಷೆ), ಲಸಿಕೆ, ತಂಬಾಕು ಬಿಡಿಸುವ ಸಲಹೆ ಇಂಥವು. ದೊಡ್ಡ ಆಸ್ಪತ್ರೆಗಳಿಗೆ ಇದು ಕಷ್ಟವೇನಲ್ಲ. ಇಬ್ಬರು ಡಾಕ್ಟರು, ಒಬ್ಬ ನರ್ಸ್ ಇರುವ ಸಣ್ಣ ಕ್ಲಿನಿಕ್ ಈ ಲೆಕ್ಕ ಹೇಗೆ ತೆಗೆಯಬೇಕು?

ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ‘ಪಾಪ್‌ಹೆಲ್ತ್’. ಆರೋಗ್ಯ ಮಾಹಿತಿ ತಂತ್ರಜ್ಞಾನದ ಉಸ್ತುವಾರಿ ಹೊತ್ತ ಕೇಂದ್ರ ಕಚೇರಿಯ ಹಣದಲ್ಲಿ, ಲಾಭರಹಿತ ಸಂಸ್ಥೆಯಾದ ಮೈಟರ್ ಇದನ್ನು ಕಟ್ಟಿತು. ಅಪಾಚೆ ಪರವಾನಗಿಯಡಿ ಪೂರ್ತಿ ಕೋಡನ್ನು ಬಿಡುಗಡೆ ಮಾಡಿತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು, ತಿದ್ದಬಹುದಿತ್ತು, ಕಾಸು ಕೊಡಬೇಕಿರಲಿಲ್ಲ. ಕ್ಲಿನಿಕ್‌ನ ತಂತ್ರಾಂಶ ಪ್ರತಿ ರೋಗಿಯ ಸಾರಾಂಶವನ್ನು ಗೊತ್ತಾದ ಒಂದು ನಮೂನೆಯಲ್ಲಿ ಹೊರಗೆ ಕೊಡುತ್ತಿತ್ತು, ಪಾಪ್‌ಹೆಲ್ತ್ ಅದನ್ನು ಓದಿ ಲೆಕ್ಕ ಹಾಕುತ್ತಿತ್ತು. ರೋಗಿಗಳ ವಿವರ ಕ್ಲಿನಿಕ್‌ನ ಗೋಡೆ ದಾಟುತ್ತಿರಲಿಲ್ಲ, ಸರ್ಕಾರಕ್ಕೆ ಹೋಗುತ್ತಿದ್ದುದು ಒಟ್ಟು ಮೊತ್ತ ಮಾತ್ರ. ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಪರದೆಯ ಮೇಲಿನ ಶೇಕಡಾವಾರು ಅಂಕಿಯನ್ನು ಒತ್ತಿದರೆ ಅದರ ಹಿಂದಿನ ರೋಗಿಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಹತೋಟಿಗೆ ಬಾರದವರು ಯಾರ್‍ಯಾರು ಎಂದು ಡಾಕ್ಟರು ನೋಡಬಹುದಿತ್ತು, ಅವರಿಗೆ ಫೋನು ಮಾಡಿಸಬಹುದಿತ್ತು. ಮೇಲಿನವರಿಗೆ ಒಪ್ಪಿಸುವ ವರದಿಯೊಂದು ಆ ಮೂಲಕ ರೋಗಿಯ ಕೆಲಸಕ್ಕೆ ಬರುತ್ತಿತ್ತು.

ಇಂಥ ಸೂಚಕಗಳ ಒಳಗೆ ಇಣುಕಿದರೆ ಎಷ್ಟು ಸಣ್ಣ ಸಣ್ಣ ತೀರ್ಮಾನಗಳು ಅಡಗಿವೆ ಎಂಬುದು ಕಾಣುತ್ತದೆ. ಅಮೆರಿಕದ ಬಿಪಿ ಸೂಚಕ 18ರಿಂದ 85 ವರ್ಷದವರಿಗೆ ಅನ್ವಯ. ಗರ್ಭಿಣಿಯರು, ಡಯಾಲಿಸಿಸ್‌ನಲ್ಲಿರುವವರು ಲೆಕ್ಕದಿಂದ ಹೊರಗೆ. ವರ್ಷದ ಕೊನೆಯ ಅಳತೆಯನ್ನೇ ಪರಿಗಣಿಸಬೇಕು. ಒಂದೇ ದಿನ ಎರಡು ಮೂರು ಸಲ ಬಿಪಿ ನೋಡಿದ್ದರೆ? ಅವುಗಳಲ್ಲಿ ಅತಿ ಕಡಿಮೆಯ ಮೇಲಂಕಿಯನ್ನೂ ಅತಿ ಕಡಿಮೆಯ ಕೆಳಅಂಕಿಯನ್ನೂ ತೆಗೆದುಕೊಳ್ಳಬೇಕು. ಅವೆರಡೂ ಬೇರೆ ಬೇರೆ ಅಳತೆಗೆ ಸೇರಿದ್ದರೂ ಸರಿಯೇ. ಮಧುಮೇಹದ ಸೂಚಕವನ್ನೂ ನೋಡಿ. ಎಚ್‌ಬಿಎ1ಸಿ ಶೇ 9 ದಾಟಿದವರನ್ನು ಹತೋಟಿ ತಪ್ಪಿದವರೆಂದು ಎಣಿಸುತ್ತದೆ, ಪರೀಕ್ಷೆಯನ್ನೇ ಮಾಡಿಸದವರನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಪರೀಕ್ಷೆ ಮಾಡಿಸದೆ ಒಳ್ಳೆಯ ಅಂಕ ಪಡೆಯುವ ದಾರಿ ಹೀಗೆ ಮುಚ್ಚಿದೆ. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ವಾದ ಮಾಡಲು ಅವರಿಗೆ ಸಾಧ್ಯವಾಗಿರುವುದೇ ನಿಯಮ ಕಣ್ಣಿಗೆ ಕಾಣುವುದರಿಂದ.

ಮುಚ್ಚಿದ ಕೋಡಿನಲ್ಲಿ ಏನಾಗಬಹುದು ಎಂಬುದನ್ನೂ ಅದೇ ದೇಶ ತೋರಿಸಿದೆ. ಪ್ರೋತ್ಸಾಹಧನ ಸಿಗಬೇಕಾದರೆ ವೈದ್ಯರು ಪ್ರಮಾಣಪತ್ರ ಪಡೆದ ತಂತ್ರಾಂಶವನ್ನೇ ಬಳಸಬೇಕಿತ್ತು. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಒಂದಾದ ಇ-ಕ್ಲಿನಿಕಲ್‌ವರ್ಕ್ಸ್ 2017ರ ಮೇ ತಿಂಗಳಲ್ಲಿ 15.5 ಕೋಟಿ ಡಾಲರ್ ಕೊಟ್ಟು ಸರ್ಕಾರದೊಂದಿಗೆ ರಾಜಿ ಮಾಡಿಕೊಂಡಿತು. ನ್ಯಾಯಾಂಗ ಇಲಾಖೆಯ ಆರೋಪವನ್ನು ನಿಧಾನವಾಗಿ ಓದಬೇಕು. ಯಾವ ಔಷಧಿಯ ಸಂಕೇತವನ್ನಾದರೂ ಪೂರ್ಣ ಪಟ್ಟಿಯಿಂದ ಹುಡುಕಿ ತರುವ ಸಾಮರ್ಥ್ಯ ತಂತ್ರಾಂಶಕ್ಕೆ ಇರಬೇಕಿತ್ತು. ಕಂಪನಿ ಆ ಕೆಲಸ ಮಾಡಲಿಲ್ಲ, ಪರೀಕ್ಷೆಯಲ್ಲಿ ಕೇಳುವ 16 ಸಂಕೇತಗಳನ್ನಷ್ಟೇ ಕೋಡಿನೊಳಗೆ ನೇರವಾಗಿ ಬರೆದಿಟ್ಟಿತು ಎಂಬುದು ಆರೋಪ. ಪರೀಕ್ಷೆ ಪಾಸಾಯಿತು. ಕಂಪನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ಹಣ ಕಟ್ಟಿತು. 2020ರ ಜನವರಿಯಲ್ಲಿ ಪ್ರಾಕ್ಟೀಸ್ ಫ್ಯೂಷನ್ ಎಂಬ ಇನ್ನೊಂದು ಕಂಪನಿಯ ಪ್ರಕರಣ ಇತ್ಯರ್ಥವಾಯಿತು, 14.5 ಕೋಟಿ ಡಾಲರ್‌ಗೆ. ಓಪಿಯಾಯ್ಡ್ ನೋವುಮಾತ್ರೆ ತಯಾರಿಸುವ ಕಂಪನಿಯೊಂದರಿಂದ ಹಣ ಪಡೆದು, ಡಾಕ್ಟರ ಪರದೆಯ ಮೇಲೆ ಮೂಡುವ ಸಲಹೆಗಳನ್ನು ಆ ಕಂಪನಿಗೆ ಅನುಕೂಲವಾಗುವಂತೆ ರೂಪಿಸಿದ್ದನ್ನು ಇದು ಒಪ್ಪಿಕೊಂಡಿತು. ಓಪಿಯಾಯ್ಡ್ ಚಟ ಸಾವಿರಾರು ಮನೆಗಳನ್ನು ಮುರಿಯುತ್ತಿದ್ದ ಕಾಲ ಅದು. ಡಾಕ್ಟರು ಅದನ್ನು ವೈದ್ಯಕೀಯ ಸಲಹೆ ಎಂದೇ ನಂಬಿದ್ದರು.

ಕೋಡ್ ತೆರೆದಿದ್ದರೆ ಇವೆಲ್ಲ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದವು ಎಂದು ಹೇಳಲಾರೆ. ತೆರೆದ ಕೋಡನ್ನು ಯಾರೂ ಓದದೇ ಇರುವುದೂ ಉಂಟು. ಆದರೆ ಹುಡುಕಬಲ್ಲವರು ಹುಡುಕಲು ಹೊರಟಾಗ ಬಾಗಿಲು ತೆರೆದಿರಬೇಕು. ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರ ಮುದ್ರೆ ಒತ್ತುತ್ತದೆ, ಅಂಗಡಿಯವರ ಮಾತಿನ ಮೇಲೆ ಬಿಡುವುದಿಲ್ಲ. ಕೋಟಿಗಟ್ಟಲೆ ಸಾರ್ವಜನಿಕ ಹಣ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಹೇಳುವ ಅಳತೆಗೆ ಅಷ್ಟಾದರೂ ಪರಿಶೀಲನೆ ಬೇಡವೇ?

ಇಷ್ಟೆಲ್ಲ ಇದ್ದೂ ಪಾಪ್‌ಹೆಲ್ತ್ ಏಕೆ ಬಾಳಲಿಲ್ಲ? ಕಾರಣಗಳು ಸರಳವಾಗಿವೆ, ನಮಗೂ ಬೇಕಾದವು. ಸೂಚಕಗಳು ಪ್ರತಿ ವರ್ಷ ಬದಲಾಗುತ್ತವೆ. ಹೊಸ ಮಾತ್ರೆ ಬರುತ್ತದೆ, ವಯಸ್ಸಿನ ಮಿತಿ ಬದಲಾಗುತ್ತದೆ, ಪರೀಕ್ಷೆಯ ಸಂಕೇತ ಬದಲಾಗುತ್ತದೆ. ಕೋಡೂ ಜೊತೆಗೇ ಬದಲಾಗಬೇಕು, ಅದಕ್ಕೆ ಸಂಬಳ ಪಡೆಯುವ ಜನ ಬೇಕು. ಆರಂಭದ ಅನುದಾನ ಮುಗಿದ ಮೇಲೆ ಹೊಣೆ ಆಸಕ್ತರ ಕೂಟಕ್ಕೆ ಹೋಯಿತು. ಎರಡನೆಯದಾಗಿ, ಅದು ಲೆಕ್ಕ ಹಾಕಬೇಕಿದ್ದ ದಾಖಲೆ ಹೊರಬರಬೇಕಿದ್ದುದು ಖಾಸಗಿ ಕಂಪನಿಗಳ ತಂತ್ರಾಂಶದಿಂದ. ಒಂದು ಕಂಪನಿ ಬಿಪಿಯನ್ನು ಒಂದು ಕಡೆ ಬರೆದರೆ ಇನ್ನೊಂದು ಮತ್ತೊಂದು ಕಡೆ. ಎಷ್ಟೋ ಸಲ ಡಾಕ್ಟರು ಟಿಪ್ಪಣಿಯಲ್ಲಿ ಬರೆದ ವಿಷಯ ಹೊರಬಂದ ಸಾರಾಂಶದಲ್ಲಿ ಇರುತ್ತಲೇ ಇರಲಿಲ್ಲ. ಮೂರನೆಯದು ವ್ಯಾಪಾರ. ಲೆಕ್ಕ ಹಾಕುವ ಸೌಲಭ್ಯವನ್ನು ಕಂಪನಿಗಳು ತಮ್ಮ ತಂತ್ರಾಂಶದಲ್ಲೇ ಸೇರಿಸಿ ಕೊಟ್ಟವು. ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವ ಡಾಕ್ಟರು ಬೇರೊಂದು ತಂತ್ರಾಂಶ ಹಾಕಿಕೊಂಡು ಸಾಕುವುದು ಎಲ್ಲಿಂದ ಬಂತು?

ಆದರೆ ಅದರ ಜೊತೆಗೇ ಹುಟ್ಟಿದ ‘ಸೈಪ್ರೆಸ್’ ಉಳಿಯಿತು. ಇದೂ ಮೈಟರ್ ಕಟ್ಟಿದ ಮುಕ್ತ ತಂತ್ರಾಂಶವೇ. ಕಲ್ಪಿತ ರೋಗಿಗಳ ದಾಖಲೆಗಳನ್ನು ತಯಾರಿಸಿ ಕಂಪನಿಯ ತಂತ್ರಾಂಶಕ್ಕೆ ಉಣಿಸುವುದು, ಬಂದ ಉತ್ತರವನ್ನು ಸರಿಯುತ್ತರದೊಂದಿಗೆ ತಾಳೆ ನೋಡುವುದು ಇದರ ಕೆಲಸ. ಗುಣಮಟ್ಟ ಸೂಚಕಗಳ ವಿಷಯದಲ್ಲಿ ಪ್ರಮಾಣಪತ್ರ ಬೇಕೆಂದರೆ ಈ ಪರೀಕ್ಷೆ ದಾಟಬೇಕು ಎಂದು ನಿಯಮವೇ ಹೇಳಿತು. ಹಾಗಾಗಿ ಅದಕ್ಕೆ ಹಣವೂ ಬಂತು, ಜನರೂ ಸಿಕ್ಕರು. ಸೂಚಕಗಳ ವ್ಯಾಖ್ಯಾನವನ್ನೂ ಅಲ್ಲಿನ ಸರ್ಕಾರ 2019ರ ವರದಿ ವರ್ಷದಿಂದ ‘ಸಿಕ್ಯೂಎಲ್’ ಎಂಬ, ಮನುಷ್ಯರೂ ಓದಬಲ್ಲ, ಯಂತ್ರವೂ ನಡೆಸಬಲ್ಲ ಭಾಷೆಯಲ್ಲಿ ಪ್ರಕಟಿಸುತ್ತಿದೆ. ಒಳ್ಳೆಯ ಕೋಡ್ ಬರೆದು ಜನ ಬಳಸಲಿ ಎಂದು ಬಿಟ್ಟದ್ದು ಸೊರಗಿತು, ಕಾನೂನಿನ ಕೊಂಡಿಗೆ ಸಿಕ್ಕಿಸಿದ್ದು ನಿಂತಿತು. ನಮ್ಮ ನೀತಿ ರೂಪಿಸುವವರು ಗಮನಿಸಬೇಕಾದ ವ್ಯತ್ಯಾಸ ಇದು.

ಭಾರತದಲ್ಲೂ ಇಂಥ ಕೆಲಸದ ಒಂದು ಉತ್ತಮ ಮಾದರಿ ಇದೆ, ಅದು ಬೆಂಗಳೂರಿನ ನಂಟಿನದು. 2017ರ ಕೊನೆಯಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಹಲವು ಜಿಲ್ಲೆಗಳು ‘ಸಿಂಪಲ್’ ಎಂಬ ಆ್ಯಪ್ ಬಳಸಿದವು. ರಿಸಾಲ್ವ್ ಟು ಸೇವ್ ಲೈವ್ಸ್ ಸಂಸ್ಥೆಗಾಗಿ ಇದನ್ನು ಬೆಳೆಸಿದವರಲ್ಲಿ ಬೆಂಗಳೂರಿನ ನಿಲೆನ್ಸೊ ಎಂಬ ತಂತ್ರಾಂಶ ಸಹಕಾರಿ ತಂಡವೂ ಆಬ್ವಿಯಸ್ ಎಂಬ ವಿನ್ಯಾಸ ತಂಡವೂ ಇವೆ. ನರ್ಸ್ ರೋಗಿಯ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬಿಪಿ ಮತ್ತು ಮಾತ್ರೆ ನಮೂದಿಸಿ, ಮುಂದಿನ ಭೇಟಿಯ ದಿನ ಹಾಕುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ತಪ್ಪಿಸಿಕೊಂಡವರ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಕೋಡ್ ಸಂಪೂರ್ಣ ಮುಕ್ತ. ಮೂರು ತಿಂಗಳಲ್ಲಿ ಬಾರದವರನ್ನು ಹೇಗೆ ಎಣಿಸಬೇಕು, ವರ್ಷದಿಂದ ಬಾರದವರನ್ನು ಯಾವಾಗ ಛೇದದಿಂದ ಬಿಡಬೇಕು ಎಂಬ ವ್ಯಾಖ್ಯಾನಗಳೂ ಬಹಿರಂಗ. ಬಾಂಗ್ಲಾದೇಶ, ಇಥಿಯೋಪಿಯಾ, ಶ್ರೀಲಂಕಾಗಳಿಗೂ ಇದು ಹೋಯಿತು. ಆರಂಭದಲ್ಲಿ ನಾನು ಕೊಟ್ಟ ಮೂರು ಉತ್ತರಗಳ ಗೊಂದಲ ಅಲ್ಲಿ ಇಲ್ಲ ಎಂದಲ್ಲ. ಇದೆ, ಆದರೆ ಎಲ್ಲರ ಕಣ್ಣೆದುರಿಗಿದೆ.

ಈಗ ದೇಶದ ಮಟ್ಟದ ಚಿತ್ರ ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಯಿತು. ನಾಗರಿಕರಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ, ದಾಖಲೆ ವಿನಿಮಯಕ್ಕೆ ‘ಫೈರ್’ ಎಂಬ ಅಂತರರಾಷ್ಟ್ರೀಯ ನಮೂನೆ. ರೋಗ, ಔಷಧಿಗಳ ಹೆಸರಿಗೆ ‘ಸ್ನೊಮೆಡ್’ ಸಂಕೇತಗಳು. ಭಾರತ 2014ರಲ್ಲೇ ಅದರ ಸದಸ್ಯ ರಾಷ್ಟ್ರವಾದ್ದರಿಂದ ನಮ್ಮ ಕಂಪನಿಗಳು ಆ ಸಂಕೇತಗಳಿಗೆ ಪರವಾನಗಿ ಶುಲ್ಕ ಕಟ್ಟಬೇಕಿಲ್ಲ. ಅಡಿಪಾಯ ಚೆನ್ನಾಗಿದೆ ಎಂದು ಮನಸಾರೆ ಒಪ್ಪುತ್ತೇನೆ. ಅದರ ಮೇಲೆ 2023ರ ಜನವರಿ 1ರಿಂದ ಪ್ರೋತ್ಸಾಹಧನ ಯೋಜನೆಯೂ ಬಂತು. ದಾಖಲೆಗಳನ್ನು ಆಭಾಗೆ ಜೋಡಿಸುವ ಆಸ್ಪತ್ರೆ, ಲ್ಯಾಬ್, ತಂತ್ರಾಂಶ ಕಂಪನಿಗಳಿಗೆ ಗರಿಷ್ಠ 4 ಕೋಟಿ ರೂಪಾಯಿ. ಹಣ ನಿಗದಿಯಾದದ್ದು ಜೋಡಿಸಿದ ದಾಖಲೆಗಳ ಎಣಿಕೆಯ ಮೇಲೆ. ದಾಖಲೆಯೊಳಗೆ ಬಿಪಿ ಅಂಕಿಯಿದೆಯೇ, ಪ್ರಿಸ್ಕ್ರಿಪ್ಷನ್‌ನ ಮಸುಕು ಫೋಟೊ ಇದೆಯೇ ಎಂಬುದನ್ನು ಆ ಎಣಿಕೆ ಹೇಳುವುದಿಲ್ಲ.

ಗುರಿ ನಿಗದಿಯಲ್ಲೂ ಇದೇ ಕೊರತೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 2025ರ ಹೊತ್ತಿಗೆ 7.5 ಕೋಟಿ ಬಿಪಿ, ಮಧುಮೇಹ ರೋಗಿಗಳನ್ನು ಪ್ರಮಾಣಿತ ಚಿಕಿತ್ಸೆಗೆ ತರುವ ಗುರಿ ಘೋಷಿಸಿತು. ಚಿಕಿತ್ಸೆಗೆ ತರುವುದು ದೊಡ್ಡ ಕೆಲಸವೇ, ಆಶಾ ಕಾರ್ಯಕರ್ತೆಯರೂ ನರ್ಸ್‌ಗಳೂ ಮನೆಮನೆ ತಿರುಗಿ ಮಾಡಿದ್ದಾರೆ. ಆದರೆ ಮಾತ್ರೆ ಬರೆದುಕೊಟ್ಟದ್ದರಿಂದ ಯಾರ ಮೂತ್ರಪಿಂಡವೂ ಉಳಿಯುವುದಿಲ್ಲ. ಬಿಪಿ ಇಳಿದಿದೆಯೇ, ಇಳಿದದ್ದು ಉಳಿದಿದೆಯೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಸೂತ್ರ ಇಡೀ ದೇಶಕ್ಕೆ ಒಂದೇ ಇರಬೇಕು, ಬರೆದು ಪ್ರಕಟಿಸಿರಬೇಕು.

ಕೋಡ್ ತೆರೆದಿಟ್ಟರೆ ರೋಗಿಗಳ ಗುಟ್ಟು ರಟ್ಟಾಗುತ್ತದೆ ಎಂಬ ಭಯ ಅಧಿಕಾರಿಗಳಲ್ಲಿದೆ. ಕೋಡೂ ರೋಗಿಯ ದಾಖಲೆಯೂ ಬೇರೆ ಬೇರೆ. ಬಯಲಿಗೆ ಬರಬೇಕಾದದ್ದು ಲೆಕ್ಕದ ವಿಧಾನ. ಯಾರ ಹೆಸರೂ, ಯಾರ ಅಂಕಿಯೂ ಅದರಲ್ಲಿ ಇರುವುದಿಲ್ಲ. ಇನ್ನೊಂದು ಆತಂಕಕ್ಕೆ ತೂಕವಿದೆ: ಸೂತ್ರ ಗೊತ್ತಾದರೆ ಸಿಬ್ಬಂದಿ ಅದಕ್ಕೆ ತಕ್ಕಂತೆ ಅಂಕಿ ಬರೆಯುತ್ತಾರೆ. ಬ್ರಿಟನ್ನಿನಲ್ಲಿ 2004ರಲ್ಲಿ ಡಾಕ್ಟರ ಸಂಭಾವನೆಯನ್ನು ಗುಣಮಟ್ಟಕ್ಕೆ ಜೋಡಿಸಿದಾಗ ಬಿಪಿಗೆ ಇದ್ದ ಗಡಿ 150. ಆ ಗಡಿಗೆ ತುಸು ಕೆಳಗಿನ ಅಂಕಿಗಳು ದಾಖಲೆಗಳಲ್ಲಿ ಹೆಚ್ಚಿದ್ದನ್ನು ಸಂಶೋಧಕರು ಗುರುತಿಸಿದರು. ಗುರುತಿಸಲು ಸಾಧ್ಯವಾದದ್ದು ಗಡಿ ಎಲ್ಲರಿಗೂ ಗೊತ್ತಿದ್ದರಿಂದ, ದಾಖಲೆ ಪರಿಶೀಲನೆಗೆ ಸಿಕ್ಕಿದ್ದರಿಂದ. ಮೇಲಿನಿಂದ ಒತ್ತಡ ಇರುವ ಕಡೆ ಗುಟ್ಟಿನ ಸೂತ್ರಕ್ಕೂ ಅಂಕಿ ತಿದ್ದಲಾಗುತ್ತದೆ, ಅದು ಹೊರಗೆ ಕಾಣುವುದಿಲ್ಲ ಅಷ್ಟೆ. ಹಾಗಾಗಿ ಸೂಚಕವನ್ನು ಉಪಕೇಂದ್ರದ ನರ್ಸ್ ಆದ ಎಎನ್‌ಎಂ ಒಬ್ಬರ ಸಂಬಳಕ್ಕೋ ವರ್ಗಾವಣೆಗೋ ಗಂಟು ಹಾಕುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಿಪಿ 160 ಇದ್ದದ್ದನ್ನು 160 ಎಂದೇ ಬರೆಯುವ ಧೈರ್ಯ ಅವರಿಗೆ ಇರಬೇಕಾದರೆ, ಬರೆದದ್ದಕ್ಕೆ ಬೈಗುಳ ಸಿಗಬಾರದು, ಮುಗಿದ ಮಾತ್ರೆಯ ದಾಸ್ತಾನು ಬರಬೇಕು.

ಕರ್ನಾಟಕ ಸರ್ಕಾರ ದೆಹಲಿಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಆಸ್ಪತ್ರೆ ತಂತ್ರಾಂಶದ ಟೆಂಡರ್‌ನಲ್ಲಿ ಎರಡು ಷರತ್ತು ಸೇರಲಿ. ದಾಖಲೆಗಳನ್ನು ಫೈರ್ ನಮೂನೆಯಲ್ಲಿ, ಬಿಪಿ, ಸಕ್ಕರೆ, ಔಷಧಿ ಇವುಗಳ ಅಂಕಿ ಬಿಡಿಬಿಡಿಯಾಗಿ ಸಿಗುವಂತೆ ಹೊರತೆಗೆದುಕೊಡಬೇಕು. ಸೂಚಕಗಳ ಲೆಕ್ಕ ಹಾಕುವ ಕೋಡ್ ಸರ್ಕಾರದ ಸೊತ್ತಾಗಿ, ಮುಕ್ತ ಪರವಾನಗಿಯಡಿ ಪ್ರಕಟವಾಗಬೇಕು. ಕಂಪನಿಯ ಲೆಕ್ಕ ಸರಿಯೇ ಎಂದು ಕಲ್ಪಿತ ರೋಗಿಗಳ ದಾಖಲೆ ಉಣಿಸಿ ನೋಡಿದ ಬಳಿಕವೇ ಬಿಲ್ ಪಾವತಿಯಾಗಲಿ. ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗವೂ ಎಂಜಿನಿಯರಿಂಗ್ ಕಾಲೇಜೊಂದರ ಗಣಕ ವಿಭಾಗವೂ ಸೇರಿ ಪ್ರತಿ ವರ್ಷ ಸೂಚಕಗಳನ್ನು ತಿದ್ದಿ ಹೊಸದು ಮಾಡಲಿ. ಅದಕ್ಕೆ ಬಜೆಟ್‌ನಲ್ಲಿ ಕಾಯಂ ಲೆಕ್ಕಶೀರ್ಷಿಕೆ ಇರಲಿ, ಒಂದು ಬಾರಿಯ ಅನುದಾನ ಬೇಡ. ಶುರುವಾತಿಗೆ ನಲವತ್ತು ಸೂಚಕಗಳೂ ಬೇಕಿಲ್ಲ. ಬಿಪಿಯೊಂದೇ ಸಾಕು. ಅದನ್ನು ಕೇಂದ್ರದಲ್ಲೇ ಅಳೆಯುತ್ತಾರೆ, ಲ್ಯಾಬ್ ವರದಿಗೆ ಕಾಯಬೇಕಿಲ್ಲ, ಲೆಕ್ಕದ ಕೋಡ್ ಬೆಂಗಳೂರಿನಲ್ಲೇ ಬರೆದಾಗಿದೆ. ಜಿಲ್ಲಾವಾರು ಅಂಕಿ ಪ್ರಕಟಿಸುವಾಗ ಶೇ 80, ಶೇ 50, ಶೇ 40 ಮೂರನ್ನೂ ಅಕ್ಕಪಕ್ಕ ಹಾಕಲಿ. ವರ್ಷದಿಂದ ಬಾರದ ಆ ಇನ್ನೂರು ಮಂದಿಯ ಪಟ್ಟಿ ಆಯಾ ಉಪಕೇಂದ್ರದ ಸಿಬ್ಬಂದಿಯ ಫೋನಿಗೆ ಹೋಗಲಿ.