ನೆರಳು ಕ್ಯಾಮೆರಾದ್ದು, ಗಾಯ ಕತ್ತರಿಯದ್ದು

ಹಳೆಯ ಕಪ್ಪು-ಬಿಳುಪು ಚಿತ್ರಗಳ ಮಾತು ಬಂದರೆ ಸಿನಿಮಾಪ್ರಿಯರು ಒಂದು ವಾದ ಹೂಡುತ್ತಾರೆ. ಸೆನ್ಸಾರ್ ಬಿಗಿಯಾಗಿದ್ದುದರಿಂದಲೇ ಆಗಿನವರು ಸೂಚ್ಯವಾಗಿ ಹೇಳಲು ಕಲಿತರಂತೆ, ನೆರಳಿನಲ್ಲಿ ಕಥೆ ಕಟ್ಟಿದರಂತೆ. ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಸಿನಿಮಾ ನೋಡುವುದನ್ನು ಕಲಿಸುತ್ತ ಬಂದ ಬೆಂಗಳೂರಿನಲ್ಲೂ ಈ ವಾದಕ್ಕೆ ಬೆಲೆಯಿದೆ. ಕತ್ತರಿಗೆ ಸಲ್ಲದ ಬಿರುದು ಇದು.

ರೇಮಂಡ್ ಚಾಂಡ್ಲರ್ ಬರೆದ ‘ದಿ ಬ್ಲೂ ಡೇಲಿಯಾ’ (1946) ನೋಡಿ. ಮಳೆಯ ರಾತ್ರಿ, ಹೋಟೆಲು, ಯುದ್ಧದಿಂದ ಮರಳಿದವನ ಮೇಲೆ ಹೆಂಡತಿಯ ಕೊಲೆಯ ಗುಮಾನಿ. ತಲೆಗೆ ಪೆಟ್ಟುಬಿದ್ದ ಅವನ ನೌಕಾಪಡೆಯ ಗೆಳೆಯನೇ ಕೊಂದು, ಕೊಂದದ್ದನ್ನೇ ಮರೆತಿರುತ್ತಾನೆ ಎಂಬುದು ಚಾಂಡ್ಲರ್ ಕಟ್ಟಿದ್ದ ಕಥೆ. ನೌಕಾಪಡೆಯವನನ್ನು ಕೊಲೆಗಾರನನ್ನಾಗಿ ತೋರಿಸಬಾರದೆಂದು ಅಮೆರಿಕದ ನೌಕಾಪಡೆ ತಕರಾರು ತೆಗೆಯಿತು; ಅಪರಾಧ ಹೋಟೆಲಿನ ಪತ್ತೇದಾರನ ತಲೆಗೆ ಬಂತು. ಯುದ್ಧ ಮನುಷ್ಯನನ್ನು ಏನು ಮಾಡುತ್ತದೆ ಎಂದು ಕೇಳುತ್ತಿದ್ದ ಚಿತ್ರ ಕೊನೆಗೆ ಬರೀ ಒಗಟಾಗಿ ಮುಗಿಯಿತು. ಮಳೆ, ಕತ್ತಲೆ ಚಿತ್ರತಂಡದ್ದು. ಹುಸಿ ಕೊನೆ ಮಾತ್ರ ಹೊರಗಿನವರ ಕೊಡುಗೆ.

ನಮ್ಮ ‘ಸಂಸ್ಕಾರ’ದ (1970) ಸಾಕ್ಷ್ಯ ಇನ್ನೂ ಗಟ್ಟಿ. ಅದು ಪತ್ತೇದಾರಿ ಚಿತ್ರವಲ್ಲ ನಿಜ, ಆದರೆ ನಡುವೆ ಒಂದು ಹೆಣವಿದೆ, ಊರೆಲ್ಲ ಹಬ್ಬಿದ ಪಾಪಭೀತಿಯಿದೆ. ಶೃಂಗೇರಿ ಬಳಿಯ ವೈಕುಂಠಪುರವನ್ನು ಆಸ್ಟ್ರೇಲಿಯಾದ ಟಾಮ್ ಕೋವನ್ ತಮ್ಮ ಕ್ಯಾಮೆರಾದಲ್ಲಿ ಹಿಡಿದ ಬಗೆ, ರಾಜೀವ ತಾರಾನಾಥರ ಸಂಗೀತ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರ ಮುಖ: ಇವೆಲ್ಲ ಸೆನ್ಸಾರಿನ ಮೇಜಿಗೆ ಹೋಗುವ ಮೊದಲೇ ಇದ್ದವು. ಮದ್ರಾಸಿನ ಮಂಡಳಿ ಕೊಟ್ಟದ್ದು ನಿಷೇಧವೊಂದನ್ನೇ. ಚಿತ್ರಕ್ಕೆ ಮೂಲವಾದ ಅನಂತಮೂರ್ತಿಯವರ ಕಾದಂಬರಿ 1965ರಲ್ಲೇ ಯಾರ ಅನುಮತಿಯೂ ಇಲ್ಲದೆ ಅಚ್ಚಾಗಿತ್ತು. ಓದಬಹುದಾದ ಕಥೆಯನ್ನು ನೋಡಬಾರದು ಎಂಬ ಈ ತರ್ಕ ಕೇಂದ್ರ ಸರ್ಕಾರದ ಮಧ್ಯಪ್ರವೇಶದಿಂದ ಬಿದ್ದುಹೋಯಿತು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಕನ್ನಡಕ್ಕೆ ಅದೇ ಮೊದಲನೆಯದು. ಚಿತ್ರದಲ್ಲಿ ಕೊರತೆಯೂ ಇದೆ. ಕಾದಂಬರಿಯಲ್ಲಿ ಪುಟಗಟ್ಟಲೆ ಕುದಿಯುವ ಕಥಾನಾಯಕ ಪ್ರಾಣೇಶಾಚಾರ್ಯರ ಒಳಗುದಿ ಪರದೆಯ ಮೇಲೆ ಅಷ್ಟು ಕಾವೇರುವುದಿಲ್ಲ. ಆದರೆ ಆ ಸೋಲೂ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಚಿತ್ರಕಥೆ ಬರೆದು ಆಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಸ್ವಂತದ್ದು, ಯಾರೂ ಹೇರಿದ್ದಲ್ಲ.

ಬಿಲ್ಲಿ ವೈಲ್ಡರ್ ‘ಡಬಲ್ ಇಂಡೆಮ್ನಿಟಿ’ಯಲ್ಲಿ (1944) ಕೊಲೆಯನ್ನು ತೋರಿಸದೆ ಕ್ಯಾಮೆರಾವನ್ನು ಕೊಲೆಯಾಗುವವನ ಹೆಂಡತಿಯ ಮುಖದ ಮೇಲೆ ನಿಲ್ಲಿಸಿದ್ದು ಹಾಲಿವುಡ್‌ನ ನೀತಿಸಂಹಿತೆಯ ಫಲವಲ್ಲವೇ ಎನ್ನಬಹುದು. ಅದೇ ಸಂಹಿತೆಯಡಿ ಆ ಕಾಲದಲ್ಲಿ ಸಪ್ಪೆ ಚಿತ್ರಗಳೂ ರಾಶಿರಾಶಿ ಬಂದವು. ಎಲ್ಲರಿಗೂ ಒಂದೇ ಬೇಲಿ, ವೈಲ್ಡರ್ ಮಾತ್ರ ಒಬ್ಬನೇ.

ಸಿನಿಮಾ ಪುಸ್ತಕಕ್ಕಿಂತ ತೀವ್ರವಾಗಿ ತಟ್ಟುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರ. ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ 1970ರಲ್ಲಿ ಪೂರ್ವ ಸೆನ್ಸಾರನ್ನು ಎತ್ತಿಹಿಡಿದದ್ದು ಈ ನೆಲೆಯಲ್ಲೇ. ಒಪ್ಪೋಣ, ಆದರೆ ಅದಕ್ಕೆ ಮದ್ದು ವಯಸ್ಸಿನ ವರ್ಗೀಕರಣ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ 7, 13, 16ರ ಮಿತಿ ತಂದು ಆ ದಾರಿ ಹಿಡಿದಿದೆ. ಕತ್ತರಿಯನ್ನು ಮಾತ್ರ ಕೆಳಗಿಟ್ಟಿಲ್ಲ. ಮೇಲ್ಮನವಿಗಿದ್ದ ನ್ಯಾಯಮಂಡಳಿಯನ್ನು 2021ರಲ್ಲೇ ರದ್ದು ಮಾಡಲಾಗಿದೆ. ಮಂಡಳಿಯ ತೀರ್ಮಾನ ಒಪ್ಪದ ನಿರ್ಮಾಪಕ ಈಗ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು.