ಬಾರ್ಸಿಲೋನಾದಲ್ಲಿ ಎಲ್ಲಿ ಉಣ್ಣಬೇಕು?

2024ರ ಜುಲೈ 6ರಂದು ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಸಾವಿರಾರು ನಾಗರಿಕರು ಪ್ರವಾಸಿಗರ ಅತಿದಟ್ಟಣೆಯನ್ನು ವಿರೋಧಿಸಿ ಮೆರವಣಿಗೆ ನಡೆಸಿದರು. ಅವರಲ್ಲಿ ಕೆಲವರು, ಹೋಟೆಲುಗಳ ಹೊರಾಂಗಣದಲ್ಲಿ ಉಣ್ಣುತ್ತ ಕುಳಿತಿದ್ದ ಪರದೇಶಿಗಳ ಮೇಲೆ ಆಟಿಕೆಯ ಪಿಚಕಾರಿಗಳಿಂದ ನೀರು ಚಿಮ್ಮಿಸಿದರು. ಊಟಕ್ಕೆ ಕುಳಿತವರನ್ನು ಎಬ್ಬಿಸುವುದು ಯಾವ ನಾಡಿನಲ್ಲಿಯೂ ಸಭ್ಯತೆಯೆನಿಸದು. ಆದರೆ ಆ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಸುಮಾರು ಹದಿನಾರು ಲಕ್ಷ ಜನರ ಈ ಊರಿನಲ್ಲಿ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಮನೆಗಳು ಹೆಚ್ಚಿದಂತೆಲ್ಲ ಊರಿನವರಿಗೆ ಮನೆ ಸಿಗುವುದು ದುರ್ಲಭವಾಗಿದೆ. ಅಂಥ ಸುಮಾರು ಹತ್ತು ಸಾವಿರ ಮನೆಗಳ ಪರವಾನಗಿಯನ್ನು 2028ರ ನವೆಂಬರಿನ ವೇಳೆಗೆ ಕೊನೆಗಾಣಿಸುವುದಾಗಿ ಅಲ್ಲಿನ ಮೇಯರ್ ಅದೇ ವರ್ಷ ಘೋಷಿಸಿದರು. ಬಾಡಿಗೆ ಏರಿ ನೆರೆಹೊರೆಯವರು ಚದುರಿದಾಗ, ಅವರಿಗೆಂದೇ ಒಲೆ ಹಚ್ಚುತ್ತಿದ್ದ ಸಣ್ಣ ಊಟದ ಮನೆಗಳಿಗೂ ಗಿರಾಕಿಗಳಿರುವುದಿಲ್ಲ. ಹೀಗಾಗಿ ‘ಬಾರ್ಸಿಲೋನಾಕ್ಕೆ ಹೋದವನು ಎಲ್ಲಿ ಉಣ್ಣಬೇಕು’ ಎಂಬ ಪ್ರಶ್ನೆ ನಾಲಗೆಯ ರುಚಿಗಷ್ಟೇ ಸಂಬಂಧಿಸಿ ಉಳಿದಿಲ್ಲ. ಅತಿಥಿ ತನ್ನ ಹಣವನ್ನು ಎಲ್ಲಿ ಇಡುತ್ತಾನೆ ಎಂಬುದರ ಮೇಲೆ ಆ ಊರಿನ ಯಾವ ಮುಖ ಉಳಿಯಬೇಕೆಂಬುದು ನಿರ್ಧಾರವಾಗುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಊರು ತಾನೇ ಉಣ್ಣುವ ಕಡೆ ಉಣ್ಣಬೇಕು. ಆ ಕಡೆ ಯಾವುದೆಂದು ತಿಳಿಯಲು ತಿನಿಸುಪಟ್ಟಿಯ ಭಾಷೆಗಿಂತ ನಂಬಲರ್ಹ ಗುರುತು ಬೇರೊಂದಿಲ್ಲ. ನಗರದ ನಡುವಿನ ಲಾ ರಾಂಬ್ಲಾ ಬೀದಿಯ ಬಹುಪಾಲು ಹೋಟೆಲುಗಳ ಮುಂದೆ ಬಣ್ಣಬಣ್ಣದ ಛಾಯಾಚಿತ್ರಗಳ ಫಲಕಗಳಿರುತ್ತವೆ. ಆರೇಳು ಭಾಷೆಗಳಲ್ಲಿ ಹೆಸರುಗಳಿದ್ದರೂ ಚಿತ್ರಗಳು ಮಾತ್ರ ಎಲ್ಲೆಡೆ ಒಂದೇ: ಪಾಯೆಯಾ ಎಂಬ ಅನ್ನದ ಅಡುಗೆ ಮತ್ತು ಹಣ್ಣು ಬೆರೆಸಿದ ಮದ್ಯವಾದ ಸಾಂಗ್ರಿಯಾ. ಪಾಯೆಯಾ ಬಾರ್ಸಿಲೋನಾದ ತಿನಿಸಲ್ಲ. ಅದರ ತವರು ದಕ್ಷಿಣದ ವಲೆನ್ಸಿಯಾ ಪ್ರಾಂತದ ಅಲ್ಬುಫೆರಾ ಸರೋವರದ ಸುತ್ತಲಿನ ಭತ್ತದ ಗದ್ದೆಗಳು. ಅಲ್ಲಿನವರು ಅದನ್ನು ಮಧ್ಯಾಹ್ನದ ಊಟವೆಂದು ಬಲ್ಲರು. ರಾತ್ರಿ ಹತ್ತಕ್ಕೆ ಸಿದ್ಧಪಡಿಸಿಟ್ಟ ಪಾಯೆಯಾವನ್ನು ಬಿಸಿ ಮಾಡಿ ಕೊಡುವ ಹೋಟೆಲು, ಪ್ರವಾಸಿ ತನ್ನ ಮನಸ್ಸಿನಲ್ಲಿ ಹೊತ್ತು ತಂದ ಸ್ಪೇನನ್ನೇ ಅವನಿಗೆ ಮರಳಿ ಮಾರುತ್ತದೆ.

ಬಾರ್ಸಿಲೋನಾದ ಸ್ವಂತ ಅಡುಗೆಗೆ ಸ್ವಂತ ಭಾಷೆಯಿದೆ, ಅದು ಕ್ಯಾಟಲಾನ್. 1324ರಷ್ಟು ಹಿಂದೆಯೇ ಆ ಭಾಷೆಯಲ್ಲಿ ‘ಸೆಂತ್ ಸೊವೀ’ ಎಂಬ ಪಾಕಗ್ರಂಥ ರಚಿತವಾಗಿತ್ತು. ಅದರ ಕರ್ತೃವಿನ ಹೆಸರು ಉಳಿದುಬಂದಿಲ್ಲ. 1520ರಲ್ಲಿ ರೊಬೆರ್ಟ್ ಎಂಬ ಪಾಕಾಚಾರ್ಯನ ‘ಯಿಬ್ರೆ ದೆಲ್ ಕೋಕ್’ ಇದೇ ನಗರದಲ್ಲಿ ಅಚ್ಚಾಯಿತು. ಐದು ವರ್ಷಗಳ ಬಳಿಕ ಅದು ಸ್ಪಾನಿಷಿಗೆ ಅನುವಾದಗೊಂಡಿತು. ಅಂದರೆ ಅಂದು ಪಾಕಶಾಸ್ತ್ರದಲ್ಲಿ ಸ್ಪಾನಿಷ್ ಪಡೆಯುವ ಭಾಷೆ, ಕ್ಯಾಟಲಾನ್ ಕೊಡುವ ಭಾಷೆ. ಕಾಲ ತಿರುಗಿತು. 1714ರಲ್ಲಿ ಬಾರ್ಸಿಲೋನಾ ದೊರೆ ಐದನೆಯ ಫಿಲಿಪನ ಸೈನ್ಯಕ್ಕೆ ಶರಣಾದ ಮೇಲೆ ಕ್ಯಾಟಲಾನ್ ಆಡಳಿತದ ಸ್ಥಾನವನ್ನು ಕಳೆದುಕೊಂಡಿತು. 1939ರಿಂದ 1975ರವರೆಗಿನ ಫ್ರಾಂಕೋ ಸರ್ವಾಧಿಕಾರದಲ್ಲಿ ಶಾಲೆ, ಕಚೇರಿ, ನಾಮಫಲಕಗಳಿಂದ ಅದನ್ನು ಹೊರಗಟ್ಟಲಾಯಿತು. ಬೀದಿಯಲ್ಲಿ ಸೋತ ಭಾಷೆಗೆ ಅಡುಗೆಮನೆ ಆಸರೆಯಾಯಿತು. ಒಲೆಯ ಮುಂದೆ ತಾಯಿ ಮಗಳಿಗೆ ಹೇಳಿಕೊಡುವ ಮಾತಿಗೆ ಅಧಿಕಾರಿಗಳ ಅಪ್ಪಣೆ ಬೇಕಿರಲಿಲ್ಲ.

ಆ ಭಾಷೆಯ ಅಡುಗೆಯ ಪದಗಳನ್ನು ಬಲ್ಲವನಿಗೆ ಅಡುಗೆಯೂ ಅರ್ಧ ತಿಳಿದಂತೆಯೇ. ‘ಸೊಫ್ರೆಜಿತ್’ ಎಂದರೆ ಈರುಳ್ಳಿ, ಟೊಮೆಟೊಗಳನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬಾಡಿಸಿದ ತಳಪಾಯ. ‘ಪಿಕಾದಾ’ ಎಂದರೆ ಬಾದಾಮಿ, ಬೆಳ್ಳುಳ್ಳಿ, ಹುರಿದ ಬ್ರೆಡ್ಡಿನ ತುಂಡು, ಹಸಿರೆಲೆಗಳನ್ನು ಕಲ್ಲಿನಲ್ಲಿ ಕುಟ್ಟಿ ಕೊನೆಗೆ ಸೇರಿಸುವ ಮಸಾಲೆ. ಕನ್ನಡದ ಓದುಗರು ಇಲ್ಲಿ ತಮ್ಮ ಒರಳನ್ನು ನೆನೆದರೆ ತಪ್ಪಿಲ್ಲ. ‘ಎಸ್ಕುದೆಯಾ’ ಚಳಿಗಾಲದ ಮಾಂಸ, ಕಡಲೆ, ಕೋಸುಗಳ ಸಾರು. ‘ಸುಕೆಟ್’ ಬೆಸ್ತರ ಮೀನಿನ ಪದಾರ್ಥ. ಇವೆಲ್ಲ ಒಲೆಯ ಮೇಲೆ ಮೆಲ್ಲಗೆ ಕುದಿಯುವುದಕ್ಕೆ ಕ್ಯಾಟಲಾನರು ‘ಷುಪ್ ಷುಪ್’ ಎನ್ನುತ್ತಾರೆ. ಕನ್ನಡದ ‘ಕೊತಕೊತ’ದಂತೆ ಅದೂ ಅನುಕರಣಪದವೇ, ಸಪ್ಪಳದಲ್ಲಿ ಮಾತ್ರ ಅದು ಇನ್ನೂ ಸಣ್ಣ ಉರಿಯದು. ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ‘ಮೀನಿನ ಸ್ಟ್ಯೂ’, ‘ಮಾಂಸದ ಸೂಪ್’ ಎಂದು ಬರೆದೊಡನೆ ಅವು ಯಾವ ಊರಿನ ಅಡುಗೆಯಾದರೂ ಆಗಬಹುದು. ಹೆಸರು ಹೋದ ಹಿಂದೆಯೇ ಪಾಕವೂ ಸಡಿಲವಾಗುತ್ತದೆ. ಪಿಕಾದಾ ಎಂಬ ಮಾತನ್ನೇ ಕೇಳದ ಗಿರಾಕಿಗೆ ಅದನ್ನು ಕುಟ್ಟದೆ ಬಡಿಸಿದರೂ ಕೇಳುವವರಿರುವುದಿಲ್ಲ.

2010ರಲ್ಲಿ ಕ್ಯಾಟಲೋನಿಯಾದ ಶಾಸನಸಭೆ ಅಂಗೀಕರಿಸಿದ ಗ್ರಾಹಕ ಸಂಹಿತೆಯು, ತಿನಿಸುಪಟ್ಟಿ ಕನಿಷ್ಠಪಕ್ಷ ಕ್ಯಾಟಲಾನಿನಲ್ಲಾದರೂ ಇರಬೇಕೆಂದು ವಿಧಿಸಿದೆ. ಕಾನೂನಿನ ಒತ್ತಾಯಕ್ಕೆ ಅಚ್ಚಾದ ಪಟ್ಟಿಗೂ ಮನೆಮಾತಿನಲ್ಲೇ ಹುಟ್ಟಿದ ಪಟ್ಟಿಗೂ ಇರುವ ಭೇದವನ್ನು ಕಣ್ಣು ಬೇಗನೆ ಹಿಡಿಯುತ್ತದೆ. ಬಾಗಿಲ ಬಳಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂದಂದಿನ ಅಡುಗೆಯನ್ನು ಬರೆದಿದ್ದರೆ, ಪಟ್ಟಿ ಚಿಕ್ಕದಾಗಿದ್ದರೆ, ಋತುವಿಗೆ ತಕ್ಕಂತೆ ಬದಲಾಗುತ್ತಿದ್ದರೆ ಒಳಗೆ ಹೋಗಲು ಹಿಂಜರಿಯಬೇಕಿಲ್ಲ. ಚಳಿಗಾಲದಲ್ಲಿ ಬೆಂಕಿಯಲ್ಲಿ ಸುಟ್ಟ ‘ಕಾಲ್ಸೊತ್’ ಎಂಬ ಎಳೆ ಈರುಳ್ಳಿ, ಶರತ್ಕಾಲದಲ್ಲಿ ಕಾಡಿನ ಅಣಬೆ, ಬೇಸಿಗೆಯಲ್ಲಿ ಒಣಮೀನನ್ನು ನೆನೆಸಿ ಸೀಳಿ ಕಲಸಿದ ‘ಎಸ್ಕೆಷಾದಾ’ ಅಂಥ ಹಲಗೆಯ ಮೇಲೆ ಬಂದುಹೋಗುತ್ತವೆ.

ಈ ಹಲಗೆಗಳನ್ನು ಹುಡುಕಬೇಕಾದದ್ದು ಗ್ರಾಸಿಯಾ, ಸಾಂಟ್ಸ್, ಸಾಂತ್ ಅಂತೋನಿ, ಪೊಬ್ಲೆ ಸೆಕ್ ಎಂಬ ವಸತಿಪ್ರದೇಶಗಳಲ್ಲಿ. ಅದೂ ಮಧ್ಯಾಹ್ನ ಎರಡರ ಹೊತ್ತಿಗೆ. ಆಗ ಸಿಗುವುದು ‘ಮೆನು ದೆಲ್ ದಿಯಾ’, ಅಂದರೆ ದಿನದ ಊಟ. ಮೊದಲ ಬಗೆ, ಎರಡನೆಯ ಬಗೆ, ಸಿಹಿ, ಬ್ರೆಡ್ಡು, ಪಾನೀಯ ಎಲ್ಲವೂ ಸೇರಿ ಸಾಮಾನ್ಯವಾಗಿ 15 ಯೂರೋ ಆಚೀಚೆಯ ಒಂದೇ ಬೆಲೆ. ಉತ್ತರ ಕರ್ನಾಟಕದ, ಸೊಲ್ಲಾಪುರದ ಖಾನಾವಳಿಯನ್ನು ಬಲ್ಲವರಿಗೆ ಇದರ ಲೆಕ್ಕಾಚಾರ ಹೊಸದೆನಿಸದು: ಆಯ್ಕೆ ಕಡಿಮೆ, ಅಡುಗೆ ತಾಜಾ, ಗಿರಾಕಿ ನಿತ್ಯದವನು. ಇದರ ಇತಿಹಾಸದಲ್ಲಿ ಒಂದು ವಿನೋದವಿದೆ. 1964ರಲ್ಲಿ ಫ್ರಾಂಕೋ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯ ಪರದೇಶಿಗಳಿಗೆಂದು ‘ಪ್ರವಾಸಿ ಊಟ’ವನ್ನು ಹೋಟೆಲುಗಳಿಗೆ ಕಡ್ಡಾಯಗೊಳಿಸಿತು. ಕಾಲಕ್ರಮದಲ್ಲಿ ಅದೇ ‘ದಿನದ ಊಟ’ವಾಗಿ ದುಡಿಯುವವರ ಪಾಲಾಯಿತು. ಊರಿನವರಿಗೆಂದು ಕಟ್ಟಿದ ಲಾ ರಾಂಬ್ಲಾದ ಬೊಕೆರಿಯಾ ಮಾರುಕಟ್ಟೆ ಇದಕ್ಕೆ ವಿರುದ್ಧವಾಗಿ ಪ್ರವಾಸಿಗರ ಪಾಲಾಯಿತು. 2015ರಲ್ಲಿ ನಗರಾಡಳಿತವೇ ಶುಕ್ರವಾರ, ಶನಿವಾರಗಳ ವ್ಯಾಪಾರದ ಹೊತ್ತಿನಲ್ಲಿ ಅಲ್ಲಿಗೆ ದೊಡ್ಡ ಪ್ರವಾಸಿ ಗುಂಪುಗಳ ಪ್ರವೇಶವನ್ನು ತಡೆಯಬೇಕಾಯಿತು. ತರಕಾರಿ ಕೊಳ್ಳಲು ಬರುವ ಮನೆಯವರಿಗೆ ನಿಲ್ಲಲು ಜಾಗವಿರಲಿಲ್ಲ. ಮಾರುಕಟ್ಟೆಯೊಳಗಿನ ಊಟ ಬೇಕೆನ್ನುವವರು ಅಲೆಯಲೆಯಾದ ಬಣ್ಣದ ಛಾವಣಿಯ ಸಾಂತಾ ಕತೆರಿನಾಕ್ಕೋ, ದೀರ್ಘಕಾಲದ ದುರಸ್ತಿ ಮುಗಿಸಿ 2018ರಲ್ಲಿ ಮತ್ತೆ ಬಾಗಿಲು ತೆರೆದ ಸಾಂತ್ ಅಂತೋನಿಗೋ ಹೋಗುವುದು ಲೇಸು.

ಹಳೆಯ ಹೋಟೆಲುಗಳ ಹೆಸರಿಗೆ ಮರುಳಾಗುವುದೂ ಉಂಟು. 1786ರಿಂದ ನಡೆದುಬಂದ ಕಾನ್ ಕುಯೆರೆಟೆಸ್ ನಗರದ ಅತಿ ಹಳೆಯ ಊಟದ ಮನೆಯೆಂದು ಪ್ರಸಿದ್ಧ. ಹೆಸರಿನ ಅರ್ಥ ‘ಪುಟ್ಟ ಚಮಚಗಳ ಮನೆ’. ಅಲ್ಲಿ ಇಂದಿಗೂ ನಾಡಿನ ಅಡುಗೆಯೇ ಬಡಿಸಲ್ಪಡುತ್ತದೆ. 1897ರಲ್ಲಿ ಆರಂಭವಾದ ‘ಎಲ್ಸ್ ಕ್ವಾತ್ರೆ ಗಾತ್ಸ್’ನ ಕಥೆ ಬೇರೆ. ‘ನಾಲ್ಕು ಬೆಕ್ಕುಗಳು’ ಎಂಬುದು ಕ್ಯಾಟಲಾನಿನ ನುಡಿಗಟ್ಟು; ‘ಬೆರಳೆಣಿಕೆಯ ಜನ’ ಎಂದು ಅದರ ಭಾವ. 1900ರಲ್ಲಿ ತರುಣ ಪಿಕಾಸೊನ ಚಿತ್ರಪ್ರದರ್ಶನ ನಡೆದದ್ದು ಅಲ್ಲಿಯೇ. 1903ರಲ್ಲಿ ಅದು ಮುಚ್ಚಿಹೋಯಿತು. ಈಗಿರುವುದು ಬಹುಕಾಲದ ನಂತರ ಪುನರ್ನಿರ್ಮಿಸಿದ್ದು. ಬೆರಳೆಣಿಕೆಯ ಜನರನ್ನು ಹೆಸರಿನಲ್ಲಿ ಹೊತ್ತ ಮನೆಯ ಮುಂದೆ ಇಂದು ಪ್ರವಾಸಿಗರ ಸಂದಣಿ. ಅದನ್ನು ನೋಡಿ ಬರಬಹುದು; ಊಟಕ್ಕೆ ಇನ್ನೂ ನಾಲ್ಕು ಬೀದಿ ದಾಟುವುದು ಉತ್ತಮ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕವುಳ್ಳವು. ಭಾಷೆಯನ್ನು ಒರೆಗಲ್ಲಾಗಿಸಿದರೆ ವಲಸಿಗರ ಒಲೆಗಳ ಗತಿಯೇನು ಎಂಬುದು ಮೊದಲನೆಯದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆಂದಲೂಸಿಯಾ, ಮೂರ್ಸಿಯಾಗಳಿಂದ ಬಂದ ಸ್ಪಾನಿಷ್ ಭಾಷಿಕ ಕೂಲಿಕಾರರು ಈ ನಗರವನ್ನು ಕಟ್ಟಿದರು. ಇಂದು ರಾವಾಲ್ ಪ್ರದೇಶದಲ್ಲಿ ಪಾಕಿಸ್ತಾನಿ ಅಡುಗೆಮನೆಗಳಿವೆ; ಬಡಾವಣೆಗಳ ಎಷ್ಟೋ ಹಳೆಯ ಬಾರುಗಳನ್ನು ಚೀನಿ ಕುಟುಂಬಗಳು ನಡೆಸುತ್ತಿವೆ. ಅವರನ್ನು ಹೊರಗಿಡುವ ಭಾಷಾಭಿಮಾನ ಅನ್ನಕ್ಕೂ ಭಾಷೆಗೂ ದ್ರೋಹ. ಇಲ್ಲಿ ನೋಡಬೇಕಾದದ್ದು ಅಡುಗೆಯವರ ಹುಟ್ಟೂರನ್ನಲ್ಲ. ಅವರು ಯಾರಿಗಾಗಿ ಅಡುಗೆ ಮಾಡುತ್ತಾರೆ ಎಂಬುದನ್ನು. ನೆರೆಮನೆಯವರಿಗಾಗಿ ಅಟ್ಟು, ನೆರೆಮನೆಯವರ ಮಾತಿನಲ್ಲಿ ಹಲಗೆ ಬರೆಯುವವರು ಎಲ್ಲಿಂದಲೇ ಬಂದಿರಲಿ, ಆ ಊರಿನವರೇ.

ಊರಿನವರ ಊಟದ ಮನೆಯನ್ನು ಪ್ರವಾಸಿ ಪತ್ತೆಹಚ್ಚಿದರೆ ಅದೂ ಕೆಡುತ್ತದೆ ಎಂಬುದು ಎರಡನೆಯ ಆಕ್ಷೇಪ. ಬೊಕೆರಿಯಾದ ಉದಾಹರಣೆ ಅದನ್ನು ಸಮರ್ಥಿಸುತ್ತದೆ. ಆದರೆ ಮಾರುಕಟ್ಟೆ ಕೆಟ್ಟದ್ದು ಪರಕೀಯರು ಬಂದದ್ದರಿಂದ ಮಾತ್ರವಲ್ಲ. ಬಂದವರು ತಿನಿಸಿನ ಹೆಸರನ್ನೂ ಕೇಳದೆ ಚಿತ್ರ ತೆಗೆದುಕೊಂಡು ನಡೆದದ್ದರಿಂದ. ಒಬ್ಬಿಬ್ಬರಾಗಿ ಬಂದು, ಊರಿನವರ ಹೊತ್ತಿಗೆ ಕುಳಿತು, ಹಲಗೆಯ ಮೇಲಿನದನ್ನೇ ಕೇಳಿ ಉಣ್ಣುವ ಅತಿಥಿಯಿಂದ ಸಣ್ಣ ಮನೆಗೆ ಹಾನಿಗಿಂತ ಆಸರೆಯೇ ಹೆಚ್ಚು.

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ದೂರದ ಊರಿನ ಸಂಗತಿ ಹತ್ತಿರದ್ದೂ ಹೌದು. ಕ್ಯಾಟಲಾನ್ ಕೂಡ ಗಡಿಗಳು ಹಂಚಿಕೊಂಡ ಭಾಷೆ. 1659ರ ಒಪ್ಪಂದದಿಂದ ಅದರ ಉತ್ತರದ ಭಾಗ ಫ್ರಾನ್ಸಿಗೆ ಸೇರಿತು. ಇಟಲಿಯ ಸಾರ್ಡಿನಿಯಾ ದ್ವೀಪದ ಆಲ್ಗೇರೊ ಎಂಬ ಪಟ್ಟಣದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ನೆಲೆಸಿದವರ ಮಾತಾಗಿ ಇಂದಿಗೂ ಅದು ಉಳಿದಿದೆ. ಬಾರ್ಸಿಲೋನಾದಲ್ಲಿ ಅದರ ಬೆನ್ನಿಗೆ ಶಾಸನಸಭೆಯಿದೆ, ಶಾಲೆಯಿದೆ. ಗಡಿಯಾಚೆ ಅಷ್ಟು ಬಲವಿಲ್ಲ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಗಳಲ್ಲಿ ಕನ್ನಡಕ್ಕೆ ಶಾಲೆಯ ಪ್ರಶ್ನೆ, ನಾಮಫಲಕದ ಪ್ರಶ್ನೆ ಎಷ್ಟು ದೊಡ್ಡದೆಂದು ಎಲ್ಲರೂ ಬಲ್ಲರು. ಆ ಹೋರಾಟಗಳ ನಡುವೆ ತಟ್ಟೆಯ ಮೇಲಿನ ಭಾಷೆ ಯಾರ ಗಮನಕ್ಕೂ ಬರುವುದಿಲ್ಲ. ನೀರುದೋಸೆ, ಪತ್ರೊಡೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಂದು ಆ ಹೆಸರುಗಳಲ್ಲಿಯೇ ಕೇಳುವವರಿರುವ ತನಕ ಬರೆಯುವವರೂ ಇರುತ್ತಾರೆ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಹಸಿದು ಕುಳಿತವನು ತನ್ನ ಮಾತಿನಲ್ಲಿ ಕೇಳಿದರೆ ಸಾಕು.

ಬಾರ್ಸಿಲೋನಾಕ್ಕೆ ಹೋಗುವ ಅವಕಾಶ ಈ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಒದಗಿದರೆ ಲಾ ರಾಂಬ್ಲಾದ ಚಿತ್ರಫಲಕಗಳನ್ನು ದಾಟಿ ಮುಂದೆ ನಡೆಯಲಿ. ಮಧ್ಯಾಹ್ನ ಎರಡಕ್ಕೆ, ಕರಿಹಲಗೆಯಿರುವ ಯಾವುದಾದರೂ ಸಣ್ಣ ಮನೆಯಲ್ಲಿ ಕುಳಿತು, ಓದಲಾಗದ ಒಂದು ಹೆಸರಿನ ಮೇಲೆ ಬೆರಳಿಟ್ಟು ‘ಇದನ್ನು ಹೇಗೆ ಹೇಳಬೇಕು?’ ಎಂದು ಕೇಳಲಿ. ಆ ಹೆಸರನ್ನು ಎರಡು ಸಲ ತಪ್ಪಾಗಿ, ಮೂರನೆಯ ಸಲ ಸರಿಯಾಗಿ ಉಚ್ಚರಿಸುವಷ್ಟರಲ್ಲಿ ಊಟ ಬಂದಿರುತ್ತದೆ.